ಬಂಗಾರಪೇಟೆಯಲ್ಲಿ ಮಂಗಳದ ಕಲ್ಲು ತೇದದ್ದು

ಕಲ್ಲು ತೇಯುವುದು ನನ್ನ ಕಸುಬು. ಬೆಳಕು ಹಾಯುವಷ್ಟು ತೆಳ್ಳಗೆ ತೇಯಬೇಕು. ಎಷ್ಟೇ ಕಪ್ಪು ಕಲ್ಲಾದರೂ 30 ಮೈಕ್ರಾನಿಗೆ ಇಳಿಸಿದರೆ ಅದರೊಳಗಿನ ಹೆಚ್ಚಿನ ಖನಿಜಗಳು ಬೆಳಕು ಬಿಡುತ್ತವೆ. ತಲೆಗೂದಲಿನ ಅರ್ಧ ದಪ್ಪಕ್ಕಿಂತಲೂ ಕಮ್ಮಿ ಅದು. ಹೀಗೆ ಗಾಜಿನ ಪಟ್ಟಿಗೆ ಅಂಟಿಸಿ ತೇದ ಕಲ್ಲಿಗೆ ಥಿನ್ ಸೆಕ್ಷನ್ ಅಂತಾರೆ. ಕೋಲಾರದ ಚಿನ್ನದ ಗಣಿಯಲ್ಲಿ ಭೂವಿಜ್ಞಾನಿಗಳ ಕೈಕೆಳಗೆ ಈ ಕೆಲಸ ಕಲಿತೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆಮೇಲೆ ಬಂಗಾರಪೇಟೆಯಲ್ಲಿ ಮನೆ ಹಿಂದೆ ಒಂದು ಶೀಟಿನ ಶೆಡ್ ಹಾಕಿಕೊಂಡೆ. ಕಾಲೇಜು ಹುಡುಗರಿಗೆ, ಪಿಎಚ್‌ಡಿ ಮಾಡುವವರಿಗೆ ಸೆಕ್ಷನ್ ಮಾಡಿಕೊಡುತ್ತಾ ಬಂದಿದ್ದೇನೆ.

ಗಣಿಯಲ್ಲಿ ನಮಗೆ ಹೇಳಿಕೊಟ್ಟ ಮೊದಲ ಪಾಠ ತೇಯುವುದಲ್ಲ, ಚೀಟಿ ಬರೆಯುವುದು. ಯಾವ ಶಾಫ್ಟು, ಯಾವ ಲೆವೆಲ್, ಎಷ್ಟು ಅಡಿಯಲ್ಲಿ ತೆಗೆದದ್ದು, ಯಾರು ತೆಗೆದರು. ಚೀಟಿ ಇಲ್ಲದ ಕಲ್ಲನ್ನು ನಮ್ಮ ಸಾಹೇಬರು ಮುಟ್ಟುತ್ತಲೇ ಇರಲಿಲ್ಲ. ಎಂಥ ಚಿನ್ನ ಮಿನುಗುತ್ತಿದ್ದರೂ ಅಷ್ಟೇ. ಆ ಅಭ್ಯಾಸ ನನಗೆ ರಕ್ತಕ್ಕೆ ಇಳಿದುಬಿಟ್ಟಿದೆ.

ಗಣಿಯಲ್ಲಿ ಜೊತೆಗಿದ್ದ ಗೆಳೆಯನ ಮಗಳು ಈಗ ಹೊರದೇಶದ ಒಂದು ವಿಶ್ವವಿದ್ಯಾಲಯದಲ್ಲಿ ಉಲ್ಕಾಶಿಲೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದಾಳೆ. ಚಿಕ್ಕವಳಿದ್ದಾಗ ನನ್ನ ಶೆಡ್ಡಿಗೆ ಬಂದು ಮೈಕ್ರೋಸ್ಕೋಪಿನಲ್ಲಿ ಬಣ್ಣ ನೋಡುತ್ತಾ ಕೂರುತ್ತಿದ್ದವಳು. ರಜೆಗೆ ಊರಿಗೆ ಬಂದಾಗ ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದು ಕಲ್ಲಿನ ಚೂರು ತಂದಳು.

"ಮಾಮ, ಇದನ್ನ ತೇದು ಕೊಡ್ತೀರಾ? ನಮ್ಮ ಲ್ಯಾಬಲ್ಲಿ ಸೆಕ್ಷನ್‌ಗೆ ದೊಡ್ಡ ಕ್ಯೂ ಇದೆ. ಗೈಡ್ ಹತ್ರ ಪರ್ಮಿಷನ್ ತಗೊಂಡೇ ತಂದಿದ್ದೀನಿ."

"ಎಲ್ಲಿ ಕಲ್ಲಮ್ಮಾ ಇದು?"

"ಸಹಾರಾ ಮರುಭೂಮಿದು. ಮಂಗಳ ಗ್ರಹದ್ದು ಇರಬಹುದು ಅಂತ ಅನುಮಾನ."

"ಸಹಾರಾದಲ್ಲಿ ಎಲ್ಲಿ?"

ಅದಕ್ಕೆ ಅವಳ ಹತ್ತಿರ ಉತ್ತರ ಇರಲಿಲ್ಲ. ಆ ಕಡೆ ಅಲೆಮಾರಿ ಜನ ಒಂಟೆ, ಮೋಟಾರ್‌ಸೈಕಲ್ ಮೇಲೆ ಕಲ್ಲು ಹುಡುಕುತ್ತಾರಂತೆ. ಮಳೆ ಕಮ್ಮಿ, ನೆಲ ತಿಳಿ ಬಣ್ಣದ್ದು. ಬಿದ್ದ ಕಲ್ಲು ಬೇಗ ಕೊಳೆಯುವುದಿಲ್ಲ, ಕಪ್ಪಗೆ ದೂರದಿಂದಲೇ ಕಾಣುತ್ತದೆ. ಅವರು ಆರಿಸಿದ್ದನ್ನು ವ್ಯಾಪಾರಿಗಳು ಕೊಳ್ಳುತ್ತಾರೆ. ಕೈಯಿಂದ ಕೈಗೆ ದಾಟಿ ಮೊರಾಕೊದ ಎರ್ಫೂದ್‌ನಂಥ ಪೇಟೆಗೆ ಬರುತ್ತದೆ. ಅಲ್ಲಿಂದ ಹೊರದೇಶದ ಸಂಗ್ರಾಹಕರಿಗೆ. ಒಳ್ಳೆ ಕಲ್ಲು ಸಿಕ್ಕ ಜಾಗವನ್ನು ಹುಡುಕಿದವನು ಯಾಕೆ ಹೇಳುತ್ತಾನೆ? ಹೇಳಿದರೆ ನಾಳೆ ಊರೆಲ್ಲ ಅಲ್ಲೇ ಇರುತ್ತದೆ. ಅವನ ಹೊಟ್ಟೆಪಾಡು ನನಗೆ ಅರ್ಥವಾಗುತ್ತದೆ. ಆದರೂ ಚೀಟಿ ಇಲ್ಲದ ಕಲ್ಲನ್ನು ಕೈಗೆ ತಗೊಂಡಾಗ ಮನಸ್ಸಿಗೆ ಹಿಂಸೆಯಾಯಿತು.

ಚೂರಿನ ಒಂದು ಮಗ್ಗುಲಲ್ಲಿ ತೆಳ್ಳನೆ ಕಪ್ಪು ಸಿಪ್ಪೆ ಇತ್ತು, ಸ್ವಲ್ಪ ಹೊಳಪು. ವಾತಾವರಣದಲ್ಲಿ ಉರಿದು ಬರುವಾಗ ಮೈ ಕರಗಿ ಆಗುವ ಪದರ ಅದು. ಒಡೆದ ಮಗ್ಗುಲು ಬೂದು, ಸ್ವಲ್ಪ ಹಸಿರು. ಬಿರುಕುಗಳಲ್ಲಿ ಬೆಳ್ಳಗೆ ಸುಣ್ಣದಂಥದ್ದು ತುಂಬಿಕೊಂಡಿತ್ತು. ಅದು ಮರುಭೂಮಿಯದೇ ಕೊಡುಗೆ, ಕ್ಯಾಲ್ಸೈಟ್. ನಾನು ಸುಮ್ನೆ ಅಭ್ಯಾಸಬಲದಿಂದ ಮ್ಯಾಗ್ನೆಟ್‌ಗೆ ಕೈ ಹಾಕಿದೆ. ಅವಳು ಕೈ ಹಿಡಿದುಕೊಂಡಳು. "ಬೇಡ ಮಾಮ, ಜೋರು ಮ್ಯಾಗ್ನೆಟ್ ತಾಗಿಸಿದ್ರೆ ಕಲ್ಲು ಅಲ್ಲಿಂದ ಹೊತ್ತು ತಂದಿರೋ ಹಳೇ ಕಾಂತಗುಣ ಅಳಿಸಿಹೋಗುತ್ತೆ." ಅಲ್ಲದೆ ಮ್ಯಾಗ್ನೆಟ್ ಇಲ್ಲಿ ಹೆಚ್ಚೇನೂ ಹೇಳುವುದೂ ಇಲ್ಲ. ಸಾಮಾನ್ಯ ಉಲ್ಕಾಶಿಲೆಯಲ್ಲಿ ಕಬ್ಬಿಣದ ಲೋಹವೇ ಇರುವುದರಿಂದ ಅದು ಎಳೆಯುತ್ತದೆ. ಮಂಗಳ, ಚಂದ್ರನ ಕಲ್ಲುಗಳಲ್ಲಿ ಅಂಥ ಲೋಹ ತೀರಾ ಕಮ್ಮಿ.

ಕೆಲಸ ಶುರು ಮಾಡುವ ಮುಂಚೆ ಒಂದು ಕಂಡೀಷನ್ ಹಾಕಿದಳು. ನೀರು ತಾಗಿಸಬಾರದು. ನೀರಿಗೆ ಕರಗುವ ಲವಣ ಇದ್ದರೆ ಹೋಗಿಬಿಡುತ್ತದೆ, ಕಬ್ಬಿಣದ ಸಲ್ಫೈಡ್ ತುಕ್ಕು ಹಿಡಿಯುತ್ತದೆ. ಹಾಗಾಗಿ ಕೊಯ್ಯುವುದಕ್ಕೂ ತೇಯುವುದಕ್ಕೂ ಐಸೋಪ್ರೊಪೈಲ್ ಆಲ್ಕೋಹಾಲ್. ಚೂರು ತುಂಬ ಬಿರುಕು ಬಿಟ್ಟಿತ್ತು. ಹಾಗೇ ತೇದರೆ ಕಣಗಳು ಕಿತ್ತು ಬರುತ್ತವೆ. ಮೊದಲು ಎಪಾಕ್ಸಿ ಅನ್ನುವ ಅಂಟಿನಲ್ಲಿ ಮುಳುಗಿಸಿ, ವ್ಯಾಕ್ಯೂಮ್ ಪಂಪ್ ಹಾಕಿ ಗಾಳಿ ಎಳೆದೆ. ಬಿರುಕಿನಿಂದ ಸಣ್ಣ ಸಣ್ಣ ಗುಳ್ಳೆ ಎದ್ದವು. ಗುಳ್ಳೆ ನಿಂತ ಮೇಲೆ ಗಾಳಿ ಒಳಗೆ ಬಿಟ್ಟರೆ ಎಪಾಕ್ಸಿ ಬಿರುಕಿನೊಳಕ್ಕೆ ನುಗ್ಗುತ್ತದೆ. ಒಣಗಿದ ಮೇಲೆ ಡೈಮಂಡ್ ಬ್ಲೇಡಿನಲ್ಲಿ ನಿಧಾನಕ್ಕೆ ಕೊಯ್ದೆ.

ಇಲ್ಲಿ ಒಂದು ತಾಪತ್ರಯ ಇತ್ತು. ನನ್ನ ಕಸುಬಿನವರಿಗೆ ಮಾತ್ರ ಗೊತ್ತಾಗುವಂಥದ್ದು, ಅದಕ್ಕೇ ಬಿಡಿಸಿ ಹೇಳುತ್ತೇನೆ. ಸೆಕ್ಷನ್ 30 ಮೈಕ್ರಾನಿಗೆ ಬಂತು ಅಂತ ನಾವು ತಿಳಿಯುವುದು ಅಳತೆ ಮಾಡಿ ಅಲ್ಲ, ಬಣ್ಣ ನೋಡಿ. ಸೆಕ್ಷನ್ನಿನ ಕೆಳಗೊಂದು, ಮೇಲೊಂದು ಪೋಲರಾಯ್ಡ್ ಅಡ್ಡ ಇಟ್ಟು ನೋಡಿದರೆ ಪ್ರತಿ ಖನಿಜವೂ ದಪ್ಪಕ್ಕೆ ತಕ್ಕ ಬಣ್ಣ ತೋರಿಸುತ್ತದೆ. ಬೆಣಚು ದಪ್ಪ ಇದ್ದಾಗ ನೀಲಿ, ಕೆಂಪು ಕಾಣುತ್ತದೆ. ತೇಯುತ್ತಾ ಹೋದಂತೆ ಹಳದಿಗೆ ಇಳಿಯುತ್ತದೆ. ಕೊನೆಗೆ ಬೂದು ಮಿಶ್ರಿತ ಬಿಳಿ. ಅಲ್ಲಿ ನಿಲ್ಲಿಸಬೇಕು. ಒಂದು ಸುತ್ತು ಜಾಸ್ತಿ ಉಜ್ಜಿದರೂ ಕಲ್ಲು ಗಾಜಿನಿಂದ ಮಾಯ. ಕಲ್ಲಿನಲ್ಲಿ ಬೆಣಚು ಇಲ್ಲದಿದ್ದರೆ ಫೆಲ್ಡ್‌ಸ್ಪಾರ್ ಅನ್ನುವ ತಿಳಿ ಬಣ್ಣದ ಖನಿಜ ನೋಡುತ್ತೇವೆ. ನಮ್ಮ ಕೋಲಾರದ ಹಾರ್ನ್‌ಬ್ಲೆಂಡ್ ಶಿಸ್ಟ್ ಅನ್ನುವ ಕಪ್ಪು ಕಲ್ಲಿನಲ್ಲಿ ಫೆಲ್ಡ್‌ಸ್ಪಾರ್ ಧಾರಾಳವಾಗಿ ಸಿಗುತ್ತದೆ.

ಆದರೆ ಅವಳ ಅನುಮಾನ ನಿಜವಾಗಿದ್ದರೆ ಈ ಕಲ್ಲಿನ ಫೆಲ್ಡ್‌ಸ್ಪಾರ್ ಗಾಜಾಗಿರುತ್ತದೆ. ಗಾಜು ಯಾವ ದಪ್ಪದಲ್ಲೂ ಬಣ್ಣ ತೋರಿಸುವುದಿಲ್ಲ, ಕಪ್ಪಗೇ ಇರುತ್ತದೆ. ಬೆಣಚು ಇಲ್ಲ, ಫೆಲ್ಡ್‌ಸ್ಪಾರ್ ಕಪ್ಪು. ಮತ್ತೆ ದಪ್ಪ ತಿಳಿಯುವುದು ಹೇಗೆ?

ಶೆಡ್ಡಿನ ಕಪಾಟಿನಲ್ಲಿ ಕೋಲಾರದ ಚಾಂಪಿಯನ್ ರೀಫ್ ಗಣಿಯ ಒಂದು ಬೆಣಚುಕಲ್ಲು ಇಟ್ಟುಕೊಂಡಿದ್ದೆ. ಚಿನ್ನ ಇರುವಂಥದ್ದಲ್ಲ, ಬರೀ ನೀಲಿ ಛಾಯೆಯ ಬೂದು ಬೆಣಚು. ಅದರಿಂದ ಎರಡು ಚಕ್ಕೆ ಎಬ್ಬಿಸಿ, ಉಲ್ಕಾಶಿಲೆಯ ಬಿಲ್ಲೆಯ ಎರಡು ಪಕ್ಕಕ್ಕೆ ಎಪಾಕ್ಸಿಯಲ್ಲಿ ಕೂರಿಸಿದೆ. ಎರಡೂ ಚಕ್ಕೆ ಒಂದೇ ಬಣ್ಣ ತೋರಿಸಿದರೆ ಸೆಕ್ಷನ್ ಸಮ ಇದೆ ಅಂತ. ಒಂದು ಹಳದಿ, ಒಂದು ಬಿಳಿ ಆದರೆ ಒಂದು ಕಡೆ ವಾಲಿದೆ ಅಂತ. ಹೀಗೆ ಕೋಲಾರದ ಕಲ್ಲು ಎರಡು ಬದಿಗೆ ಕಾವಲು ನಿಂತು ನಡುವೆ ಸಹಾರಾದ ಕಲ್ಲು ಬಂತು. ಯಾವುದು ಯಾವುದು ಅಂತ ಸ್ಲೈಡಿನ ಚೀಟಿಯಲ್ಲಿ ಬರೆದೆ. ನಾಳೆ ಯಾರಾದರೂ ಈ ಸ್ಲೈಡ್ ನೋಡಿ ಉಲ್ಕಾಶಿಲೆಯಲ್ಲಿ ಬೆಣಚು ಸಿಕ್ಕಿತು ಅಂತ ಬರೆದುಬಿಡಬಾರದಲ್ವಾ.

ಆಮೇಲೆ ಗಾಜಿನ ಹಲಗೆ, ಕಾರ್ಬೊರಂಡಮ್ ಪುಡಿ, ಬೆರಳು. 400, 600, 1000, ನಂಬರ್ ಏರಿದಂತೆ ಪುಡಿ ನುಣ್ಣಗಾಗುತ್ತದೆ. ಎಂಟರ ಆಕಾರದಲ್ಲಿ ಉಜ್ಜಬೇಕು, ಇಲ್ಲದಿದ್ದರೆ ಅಂಚು ಮೊದಲು ಸವೆಯುತ್ತದೆ. ಪುಡಿ ಬದಲಿಸುವಾಗಲೆಲ್ಲ ಚೆನ್ನಾಗಿ ತೊಳೆಯಬೇಕು. ಹಿಂದಿನ ಪುಡಿಯ ಒಂದು ಕಾಳು ಉಳಿದರೂ ಗೀರು ಬೀಳುತ್ತದೆ. ಆಲ್ಕೋಹಾಲ್ ಬೇಗ ಹಾರಿಹೋಗುವುದರಿಂದ ಪದೇ ಪದೇ ಹಾಕಬೇಕಾಯಿತು, ಬೆರಳ ತುದಿಯ ಚರ್ಮ ಒಣಗಿ ಬಿಳಿಚಿಕೊಂಡಿತು. ಅವಳು ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತಿದ್ದಳು. ಬೆಣಚು ಹಳದಿಗೆ ಬಂದಾಗ "ಮಾಮ, ಸಾಕೇನೋ" ಅಂದಳು. ಇನ್ನೂ ಸ್ವಲ್ಪ ಇದೆ ಅಂದೆ. ಎರಡೂ ಚಕ್ಕೆ ಬೂದು ಬಿಳಿಗೆ ಬಂದಾಗ ಕೈ ಎತ್ತಿದೆ.

ಮೈಕ್ರೋಸ್ಕೋಪಿನಲ್ಲಿ ಇಟ್ಟೆವು. ಮೊದಲು ಸಾಮಾನ್ಯ ಬೆಳಕು. ಪೈರಾಕ್ಸಿನ್ ಅನ್ನುವ, ಲಾವಾ ಕಲ್ಲಿನಲ್ಲಿ ಸಿಗುವ ಖನಿಜದ ತಿಳಿ ಕಂದು ಕಣಗಳು, ತುಂಬ ಬಿರುಕು. ಪ್ರತಿ ಕಣದ ನಡುಭಾಗ ತಿಳಿ, ಅಂಚಿಗೆ ಹೋದಂತೆ ಕಂದು ಜಾಸ್ತಿ. ಲಾವಾ ತಣ್ಣಗಾಗುತ್ತಾ ಹೋದಂತೆ ಕೊನೆಗೆ ಬೆಳೆದ ಪದರಗಳಲ್ಲಿ ಕಬ್ಬಿಣ ಹೆಚ್ಚಾಗಿರುವ ಗುರುತು ಅದು. ಅವುಗಳ ನಡುವೆ ಉದ್ದುದ್ದನೆ ಪಟ್ಟಿಯಂಥ ಕಣಗಳು, ನೀರಿನಷ್ಟು ತಿಳಿ. ಆಕಾರ ನೋಡಿದರೆ ಫೆಲ್ಡ್‌ಸ್ಪಾರೇ. ನೂರಾರು ಸಲ ನೋಡಿದ ಆಕಾರ. ಅಲ್ಲಲ್ಲಿ ಕಪ್ಪು ಚುಕ್ಕೆಗಳು, ಬೆಳಕು ಬಿಡದ ಆಕ್ಸೈಡ್, ಸಲ್ಫೈಡ್.

ಆಮೇಲೆ ಮೇಲಿನ ಪೋಲರಾಯ್ಡ್ ಒಳಗೆ ತಳ್ಳಿದೆ. ಪೈರಾಕ್ಸಿನ್ ಕಣಗಳಲ್ಲಿ ಬಣ್ಣ ಹತ್ತಿತು. ಪಟ್ಟಿಗಳೆಲ್ಲ ಒಟ್ಟಿಗೆ ಕಪ್ಪಾದವು. ಸ್ಟೇಜ್ ತಿರುಗಿಸಿದೆ. ನಮ್ಮ ಊರಿನ ಕಲ್ಲಾಗಿದ್ದರೆ ಫೆಲ್ಡ್‌ಸ್ಪಾರ್ ಕಪ್ಪು-ಬಿಳಿ ಗೆರೆಗಳಾಗಿ ಮಿನುಗಬೇಕು. ಪೂರ್ತಿ ಸುತ್ತು ತಿರುಗಿಸಿದರೂ ಕಪ್ಪೇ. ಒಂದು ಖನಿಜ ತನ್ನ ಆಕಾರ ಒಂಚೂರೂ ಬಿಡದೆ ಒಳಗಿಂದೊಳಗೆ ಗಾಜಾಗಿತ್ತು. ನನ್ನ ಜೀವಮಾನದಲ್ಲಿ ಅಂಥದ್ದು ನೋಡಿರಲಿಲ್ಲ. ಕಣ್ಣು ತೆಗೆಯಲು ಮನಸ್ಸಾಗಲಿಲ್ಲ.

"ಮ್ಯಾಸ್ಕೆಲಿನೈಟ್," ಅಂದಳು. ಗ್ರಹಕ್ಕೆ ದೊಡ್ಡ ಬಂಡೆ ಬಂದು ಗುದ್ದಿದಾಗ ಕ್ಷಣಮಾತ್ರದಲ್ಲಿ ನಮ್ಮ ವಾತಾವರಣದ ಒತ್ತಡದ ಸುಮಾರು 3 ಲಕ್ಷ ಪಟ್ಟು ಬೀಳುತ್ತದೆ. ಆ ಹೊಡೆತಕ್ಕೆ ಫೆಲ್ಡ್‌ಸ್ಪಾರಿನ ಒಳಗಟ್ಟು ಚದುರಿ ಗಾಜಾಗುತ್ತದೆ. ಅದೇ ಗುದ್ದಿಗೆ ಕೆಲವು ಚೂರು ಸೆಕೆಂಡಿಗೆ 5 ಕಿಲೋಮೀಟರಿಗೂ ಜಾಸ್ತಿ ವೇಗದಲ್ಲಿ ಮೇಲೆ ಚಿಮ್ಮಿ ಮಂಗಳದ ಹಿಡಿತ ದಾಟಿಬಿಡುತ್ತವೆ.

ಈ ಗಾಜು ಜಗತ್ತಿಗೆ ಮೊದಲು ಗೊತ್ತಾದದ್ದು ನಮ್ಮ ದೇಶದಲ್ಲಿ ಬಿದ್ದ ಕಲ್ಲಿನಿಂದ ಅನ್ನುವುದು ನನಗೆ ಅವತ್ತೇ ತಿಳಿದದ್ದು. 1865ರ ಆಗಸ್ಟ್ 25ರಂದು ಬಿಹಾರದ ಗಯಾ ಹತ್ತಿರ ಶೇರ್‌ಘಾಟಿಯಲ್ಲಿ ಸುಮಾರು 5 ಕಿಲೋ ತೂಕದ ಕಲ್ಲು ಬಿತ್ತು. ವಿಯೆನ್ನಾದ ಚೆರ್ಮಾಕ್ ಅನ್ನುವ ವಿಜ್ಞಾನಿ 1872ರಲ್ಲಿ ಅದರೊಳಗಿನ ಈ ಗಾಜನ್ನು ವಿವರಿಸಿ ಹೆಸರಿಟ್ಟರು. ಮಂಗಳದ ಈ ಜಾತಿಯ ಕಲ್ಲುಗಳಿಗೆ ಇವತ್ತಿಗೂ ಜಗತ್ತಿನಲ್ಲೆಲ್ಲ ಶೆರ್ಗೊಟೈಟ್ ಅಂತಲೇ ಹೆಸರು. ಶೇರ್‌ಘಾಟಿ ಕಲ್ಲಿಗೆ ಊರೂ ಇದೆ, ತಾರೀಕೂ ಇದೆ.

ಗಾಜು ಸಿಕ್ಕಿತು ಅಂದ ಮಾತ್ರಕ್ಕೆ ಮಂಗಳ ಅನ್ನುವಂತಿಲ್ಲ. ಮಹಾರಾಷ್ಟ್ರದ ಲೋಣಾರ್ ಕುಳಿಯಲ್ಲೂ ಬಸಾಲ್ಟ್ ಮೇಲೆ ಉಲ್ಕೆ ಬಡಿದು ಇದೇ ಮ್ಯಾಸ್ಕೆಲಿನೈಟ್ ಆಗಿದೆ. ಚಂದ್ರನ ಕಲ್ಲುಗಳಲ್ಲೂ ಇದೆ. ಒಂದೊಂದೇ ಬಾಗಿಲು ಮುಚ್ಚುತ್ತಾ ಹೋಗಬೇಕು. ಮುಂದಿನದು ಎಲೆಕ್ಟ್ರಾನ್ ಮೈಕ್ರೋಪ್ರೋಬ್. ಅದಕ್ಕೆ ಸೆಕ್ಷನ್ ಮೇಲೆ ಕವರ್ ಗ್ಲಾಸ್ ಅಂಟಿಸುವಂತಿಲ್ಲ, ಮೈ ಕನ್ನಡಿಯಾಗಬೇಕು. 6, 3, 1 ಮೈಕ್ರಾನ್ ಡೈಮಂಡ್ ಪೇಸ್ಟಿನಲ್ಲಿ ಪಾಲಿಶ್ ಮಾಡಿಕೊಟ್ಟೆ. ಅಲ್ಲಿಗೆ ನನ್ನ ಕೈಕೆಲಸ ಮುಗಿಯಿತು. ಹೋಗುವ ಮುಂಚೆ ಇಬ್ಬರೂ ಪಾನಿಪುರಿ ತಿಂದೆವು. ಬಂಗಾರಪೇಟೆಗೆ ಬಂದು ಅದನ್ನು ಬಿಟ್ಟು ಹೋಗುವವರು ಇಲ್ಲ. ಸ್ಲೈಡನ್ನು ಅವಳು ಕೈಚೀಲದಲ್ಲೇ ಇಟ್ಟುಕೊಂಡು ವಿಮಾನ ಹತ್ತಿದಳು.

ಮುಂದಿನದನ್ನೆಲ್ಲ ಫೋನಿನಲ್ಲಿ ಹೇಳುತ್ತಾ ಬಂದಳು. ಮೈಕ್ರೋಪ್ರೋಬ್‌ನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜಾಗಕ್ಕೆ ಎಲೆಕ್ಟ್ರಾನ್ ಬಿಟ್ಟು, ಹೊರಬರುವ ಎಕ್ಸ್-ರೇಯಿಂದ ಯಾವ ಧಾತು ಎಷ್ಟಿದೆ ಅಂತ ಲೆಕ್ಕ ಹಾಕುತ್ತಾರೆ. ಪೈರಾಕ್ಸಿನ್‌ನಲ್ಲಿ ಕಬ್ಬಿಣಕ್ಕೂ ಮ್ಯಾಂಗನೀಸಿಗೂ ಇರುವ ಅನುಪಾತ ಗ್ರಹದಿಂದ ಗ್ರಹಕ್ಕೆ ಬೇರೆ. ಲಾವಾ ಎಷ್ಟು ಸಲ ಕರಗಿ ಗಟ್ಟಿಯಾದರೂ ಈ ಎರಡು ಹೆಚ್ಚುಕಮ್ಮಿ ಜೊತೆಯಾಗೇ ಓಡಾಡುತ್ತವೆ. ಮಂಗಳದ ಕಲ್ಲುಗಳಲ್ಲಿ ಅದು 30ರ ಆಸುಪಾಸು. ಚಂದ್ರನದರಲ್ಲಿ ಸುಮಾರು ಅದರ ಎರಡು ಪಟ್ಟು. ನಮ್ಮ ಕಲ್ಲಿನ ಲೆಕ್ಕ ಮಂಗಳದ ಸಾಲಿನಲ್ಲಿ ಕೂತಿತು.

ಆಮೇಲೆ ಆಕ್ಸಿಜನ್. ಇದನ್ನು ಬೇರೆ ಲ್ಯಾಬಿಗೆ ಕಳಿಸಿದರು. ಒಂದೆರಡು ಮಿಲಿಗ್ರಾಂ ಸಾಕು. ಮೊದಲು ಆಸಿಡ್‌ನಲ್ಲಿ ತೊಳೆದು ಮರುಭೂಮಿಯ ಕ್ಯಾಲ್ಸೈಟ್ ತೆಗೆಯುತ್ತಾರೆ. ಆಮೇಲೆ ಲೇಸರ್‌ನಲ್ಲಿ ಕಾಯಿಸಿ ಕಲ್ಲಿನೊಳಗಿನ ಆಕ್ಸಿಜನ್ ಬಿಡಿಸುತ್ತಾರೆ. ಆಕ್ಸಿಜನ್‌ಗೆ 16, 17, 18 ಅಂತ ಮೂರು ತೂಕದ ಐಸೊಟೋಪು. ಭೂಮಿಯ ಮೇಲಿನ ಕಲ್ಲಾಗಲಿ ಸಮುದ್ರದ ನೀರಾಗಲಿ, ಈ ಮೂರರ ಲೆಕ್ಕ ಒಂದೇ ಗೆರೆ ಮೇಲೆ ಬೀಳುತ್ತದೆ. ಚಂದ್ರನೂ ಅದೇ ಗೆರೆ. ಮಂಗಳದ ಕಲ್ಲುಗಳು ಮಾತ್ರ ಆ ಗೆರೆಗಿಂತ ಸಾವಿರಕ್ಕೆ ಸುಮಾರು 0.3 ಮೇಲೆ ನಿಲ್ಲುತ್ತವೆ. ಅಷ್ಟು ಸಣ್ಣ ವ್ಯತ್ಯಾಸ ಗ್ರಹವನ್ನೇ ಹೇಳುತ್ತದೆ. "ಮಾಮ, ಭೂಮಿ ಗೆರೆಯಲ್ಲಿ ಇಲ್ಲ, ಅದಕ್ಕಿಂತ ಮೇಲಿದೆ!" ಅಂತ ಅವಳು ರಾತ್ರಿ ಹೊತ್ತಲ್ಲಿ ಮೆಸೇಜ್ ಹಾಕಿದ್ದಳು. ಬೆಳಿಗ್ಗೆ ನೋಡಿ ಅವಳ ಅಪ್ಪನಿಗೆ ಫೋನ್ ಮಾಡಿದೆ. ಅವನಿಗೆ ನನಗಿಂತ ಮುಂಚೆ ಗೊತ್ತಾಗಿತ್ತು.

ಮಂಗಳದಿಂದ ಯಾರೂ ಇನ್ನೂ ಒಂದು ಕಲ್ಲನ್ನೂ ತಂದಿಲ್ಲ. ಹಾಗಿದ್ದ ಮೇಲೆ ಮಂಗಳದ ಗೆರೆ ಯಾವುದು ಅಂತ ತಿಳಿದದ್ದು ಹೇಗೆ? ನಾನು ಇದನ್ನೇ ಕೇಳಿದೆ. ಮೊದಲ ಸುಳಿವು ವಯಸ್ಸು. ಕ್ಷುದ್ರಗ್ರಹಗಳು ಸುಮಾರು 450 ಕೋಟಿ ವರ್ಷದ ಹಿಂದೆಯೇ ತಣ್ಣಗಾಗಿವೆ. ಈ ಶೆರ್ಗೊಟೈಟ್‌ಗಳಲ್ಲಿ ಹೆಚ್ಚಿನವು ಸುಮಾರು 16 ಕೋಟಿಯಿಂದ 60 ಕೋಟಿ ವರ್ಷದ ಒಳಗಿನ ಲಾವಾ. ಇತ್ತೀಚಿನವರೆಗೆ ಒಳಗೆ ಬಿಸಿ ಉಳಿಸಿಕೊಂಡ ದೊಡ್ಡ ಗ್ರಹವೇ ಆಗಬೇಕು. ನಮ್ಮ ಕೋಲಾರದ ಕಲ್ಲಿಗೆ ಸುಮಾರು 270 ಕೋಟಿ ವರ್ಷ. ಅಂದರೆ ಆ ಸ್ಲೈಡಿನಲ್ಲಿ ಹಳೆಯದು ನಾನು ಪಕ್ಕಕ್ಕೆ ಇಟ್ಟ ಬೆಣಚು, ಎಳೆಯದು ಮಂಗಳದ್ದು. ಗಟ್ಟಿ ಸಾಕ್ಷಿ ಬಂದದ್ದು ಅಂಟಾರ್ಕ್ಟಿಕಾದ ಎಲಿಫೆಂಟ್ ಮೊರೇನ್‌ನಲ್ಲಿ ಸಿಕ್ಕ ಒಂದು ಕಲ್ಲಿನಿಂದ. ಅದರ ಗಾಜಿನೊಳಗೆ ಗಾಳಿ ಸಿಕ್ಕಿಹಾಕಿಕೊಂಡಿತ್ತು. 1976ರಲ್ಲಿ ಮಂಗಳದ ಮೇಲೆ ಇಳಿದ ವೈಕಿಂಗ್ ನೌಕೆಗಳು ಅಲ್ಲಿನ ಗಾಳಿ ಅಳೆದಿದ್ದವು. 1983ರಲ್ಲಿ ಬೊಗಾರ್ಡ್ ಮತ್ತು ಜಾನ್ಸನ್ ಅನ್ನುವ ವಿಜ್ಞಾನಿಗಳು ಎರಡನ್ನೂ ಹೋಲಿಸಿ ನೋಡಿದರು, ತಾಳೆಯಾಯಿತು. ಆ ಕಲ್ಲಿಗೆ ನೆಂಟ ಅಂತ ತೋರಿಸಿಕೊಂಡರೆ ಉಳಿದ ಕಲ್ಲುಗಳಿಗೂ ಮಂಗಳದ ವಿಳಾಸ ಸಿಗುತ್ತದೆ.

ಕಲ್ಲಿಗೆ ಹೆಸರು ಕೊಡುವುದು ಮೆಟಿಯೊರಿಟಿಕಲ್ ಸೊಸೈಟಿ ಅನ್ನುವ ಉಲ್ಕಾಶಿಲೆ ವಿಜ್ಞಾನಿಗಳ ಸಂಘದ ನಾಮಕರಣ ಸಮಿತಿ. ವಿವರ ಎಲ್ಲ ಬರೆದು ಕಳಿಸಬೇಕು, ಸಮಿತಿಯವರು ನೋಡಿ ಒಪ್ಪಬೇಕು. ಕಲ್ಲಿನ ಒಂದು ಪಾಲು, 20 ಗ್ರಾಂ ಅಥವಾ ಒಟ್ಟು ತೂಕದ ಶೇಕಡಾ 20, ಯಾವುದು ಕಮ್ಮಿಯೋ ಅದನ್ನು ಒಂದು ಸಂಸ್ಥೆಯ ಸಂಗ್ರಹದಲ್ಲಿ ಕಾಯಂ ಆಗಿ ಇಡಬೇಕು. ಮಿಕ್ಕಿದ್ದು ಕೊಂಡವನದು. ಈ ನಿಯಮ ನನಗೆ ತುಂಬ ಹಿಡಿಸಿತು. ಮುಂದೆ ಯಾರಿಗಾದರೂ ಅನುಮಾನ ಬಂದರೆ ತೆಗೆದು ನೋಡಲು ಕಲ್ಲು ಉಳಿದಿರುತ್ತದೆ.

ಒಪ್ಪಿಗೆ ಬಂತು. ಹೆಸರು ನಾರ್ತ್‌ವೆಸ್ಟ್ ಆಫ್ರಿಕಾ, ಚಿಕ್ಕದಾಗಿ ಎನ್‌ಡಬ್ಲ್ಯೂಎ, ಮುಂದೆ ಒಂದು ಸಂಖ್ಯೆ. ವರ್ಗ, ಮಂಗಳದ ಶೆರ್ಗೊಟೈಟ್. ಸಿಕ್ಕ ಜಾಗದ ಅಕ್ಷಾಂಶ, ರೇಖಾಂಶದ ಕಡೆ ಖಾಲಿ. ಆ ದಿಕ್ಕಿನ ಮರುಭೂಮಿಯಿಂದ ಬಂದು ಜಾಗ ಗೊತ್ತಿಲ್ಲದ ಸಾವಿರಾರು ಕಲ್ಲುಗಳಿಗೆ ಇದೇ ಹೆಸರು, ಬರೀ ಸಂಖ್ಯೆ ಬೇರೆ. ನನಗೆ ಇವತ್ತಿಗೂ ಕೊರೆಯುವುದು ಇದೇ. ಕೋಟ್ಯಂತರ ಕಿಲೋಮೀಟರ್ ಆಚೆಯ ಗ್ರಹವನ್ನು ಆಕ್ಸಿಜನ್ ನೋಡಿ ಹೇಳಿದರು. ಮಂಗಳದ ಯಾವ ಕುಳಿಯಿಂದ ಎದ್ದಿತು ಅಂತ ಹುಡುಕುವವರೂ ಇದ್ದಾರೆ. ಬ್ಲ್ಯಾಕ್ ಬ್ಯೂಟಿ ಅಂತ ಕರೆಯುವ ಎನ್‌ಡಬ್ಲ್ಯೂಎ 7034 ಕಲ್ಲಿಗೆ 2022ರಲ್ಲಿ ಕರಾತಾ ಅನ್ನುವ ಕುಳಿಯನ್ನು ಸೂಚಿಸಿದ್ದಾರೆ. ನಮ್ಮ ಕಲ್ಲು ಭೂಮಿ ಮೇಲೆ ಯಾವ ಮರಳಲ್ಲಿ ಬಿದ್ದಿತ್ತು ಅನ್ನುವುದು ಮಾತ್ರ ಹೋಗೇಬಿಟ್ಟಿತು. ಅದರ ಸುತ್ತ ಇನ್ನೂ ಚೂರುಗಳಿದ್ದವೋ ಏನೋ. ಒಮಾನ್‌ನಲ್ಲಿ 2001ರಿಂದ ಸ್ವಿಟ್ಜರ್ಲೆಂಡ್ ಮತ್ತು ಒಮಾನ್ ತಂಡಗಳು ಸೇರಿ ಹುಡುಕುತ್ತಿವೆ. ಅಲ್ಲಿ ಪ್ರತಿ ಕಲ್ಲಿಗೂ ಜಿಪಿಎಸ್ ಗುರುತು ಹಾಕುತ್ತಾರೆ. ಹಾಗಾಗಿ ಯಾವ ಕಲ್ಲು ಯಾವುದರ ಜೊತೆ ಬಿತ್ತು ಅಂತ ನಕ್ಷೆ ಬಿಡಿಸಲು ಆಗುತ್ತದೆ. ಕೆಲಸ ಅಂದರೆ ಅದು.

ಇದು ಊರಲ್ಲಿ ಸುದ್ದಿಯಾದ ಮೇಲೆ ಮಾಲೂರು, ಮುಳಬಾಗಿಲು ಕಡೆಯಿಂದ ಜನ ಕಲ್ಲು ತರುತ್ತಾರೆ. ಹೆಚ್ಚಿನವು ಕುಲುಮೆಯ ಕಿಟ್ಟ. ಒಳಗೆ ಗುಳ್ಳೆ ಗುಳ್ಳೆ ಇರುತ್ತದೆ. ಕೆಲವು ನಮ್ಮದೇ ಕಪ್ಪು ಡೈಕ್ ಕಲ್ಲು, ಬಂಡೆಯ ಬಿರುಕಿಗೆ ನುಗ್ಗಿ ಗಟ್ಟಿಯಾದ ಲಾವಾ. ನಾನು ಯಾರನ್ನೂ ಬರಿಗೈಲಿ ಕಳಿಸುವುದಿಲ್ಲ, ಮೈಕ್ರೋಸ್ಕೋಪಿನಲ್ಲಿ ಏನಾದರೂ ತೋರಿಸಿ ಕಳಿಸುತ್ತೇನೆ. ಎಲ್ಲರಿಗೂ ಹೇಳುವುದು ಒಂದೇ. ಕಲ್ಲು ಎತ್ತುವ ಮುಂಚೆ ಇದ್ದಲ್ಲೇ ಫೋಟೋ ತೆಗೀರಿ, ಫೋನಿನಲ್ಲಿ ಲೊಕೇಶನ್ ಸೇವ್ ಮಾಡಿ, ತಾರೀಕು ಬರೀರಿ. ಸುತ್ತಿಗೆ, ಮ್ಯಾಗ್ನೆಟ್ ಬೇಡ. ನಿಜವಾಗಲೂ ಆಕಾಶದಿಂದ ಬಿದ್ದದ್ದು ಅನಿಸಿದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೆ ತಿಳಿಸಿ. ನಮ್ಮ ದೇಶದಲ್ಲಿ ಸಿಕ್ಕ ಉಲ್ಕಾಶಿಲೆಗಳನ್ನು ಕಾಪಾಡುವುದು ಅವರೇ.

ಈಗ ಅವಳು ಇನ್ನೊಂದು ಚೂರು ಕಳಿಸಿದ್ದಾಳೆ. ಇದೂ ನಾರ್ತ್‌ವೆಸ್ಟ್ ಆಫ್ರಿಕಾ, ಇದೂ ಶೆರ್ಗೊಟೈಟ್ ಇರಬಹುದು. ಎರಡೂ ಆಕಾಶದಿಂದ ಬಿದ್ದ ಒಂದೇ ಕಲ್ಲಿನ ತುಂಡುಗಳೋ ಬೇರೆ ಬೇರೆಯೋ ಅನ್ನುವುದು ಪ್ರಶ್ನೆ. ಜಾಗ ಗೊತ್ತಿದ್ದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತಿತ್ತು. ಈಗ ಖನಿಜಗಳನ್ನೇ ಕೇಳಬೇಕು. ಎರಡು ಬದಿಗೆ ಬೆಣಚಿಟ್ಟು ತೇದು ನೋಡಿದೆ. ಗಾಜಾದ ಫೆಲ್ಡ್‌ಸ್ಪಾರ್ ಇದೆ. ಆದರೆ ಪೈರಾಕ್ಸಿನ್ ಕಣ ಮೊದಲಿನದಕ್ಕಿಂತ ದೊಡ್ಡದು, ಅಂಚಿನ ಕಂದು ಅಷ್ಟು ಗಾಢ ಇಲ್ಲ. ಒಂದೇ ಕಲ್ಲಲ್ಲ ಅಂತ ನನ್ನ ಕಣ್ಣು ಹೇಳುತ್ತದೆ. ಅವಳಿಗೂ ಹಾಗೇ ಬರೆದು ಕಳಿಸಿದ್ದೇನೆ. ಮೈಕ್ರೋಪ್ರೋಬ್ ಲೆಕ್ಕ ಬರುವುದಿದೆ.